ನಿಂಬೆಹಣ್ಣಿಗೆ ಆರಿದ ಲೈಟು: ಹಳೆಯ ಸ್ಪೋರ್ಟ್ಸ್ ಕಾರೊಂದರ ಪ್ರಕರಣ

"ಭಾವ, ಮತ್ತೆ ಬಂತು."

ಫೋನ್ ಎತ್ತಿದ ಕೂಡಲೇ ನನ್ನ ಭಾಮೈದ ಹೇಳಿದ್ದು ಇಷ್ಟೇ. ಏನು ಬಂತು ಅಂತ ನಾನೂ ಕೇಳಲಿಲ್ಲ. ಹಿಂದೆ ಹಾರ್ನ್‌ಗಳ ಗಲಾಟೆ ಕೇಳುತ್ತಿತ್ತು. ಸಿಲ್ಕ್ ಬೋರ್ಡ್ ಇರಬೇಕು ಅಂದುಕೊಂಡೆ, ಅಲ್ಲೇ ಇದ್ದ. 2024ರ ಸೆಪ್ಟೆಂಬರ್ ಕೊನೆಯ ವಾರ ಅದು. ಜೂನ್‌ನಿಂದ ಲೆಕ್ಕ ಹಾಕಿದರೆ ಅವನ ಕಾರಿನ ಮೀಟರಿನಲ್ಲಿ ಆ ಹಳದಿ ಲೈಟು, ಅಂದರೆ ಚೆಕ್ ಇಂಜಿನ್ ಲೈಟು, ಬಂದಿದ್ದು ಏಳನೇ ಸಲ.

ಗಾಡಿ 2006ರದು. ಜರ್ಮನ್ ಕಂಪನಿಯದು, ಹೆಸರು ಬೇಡ. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಮುಂದೆ ಒಂದೇ ಸಾಲಿನಲ್ಲಿ ಆರು ಸಿಲಿಂಡರ್ ಇರುವ 3 ಲೀಟರ್ ಪೆಟ್ರೋಲ್ ಇಂಜಿನ್. ಯಾರೋ ಇಂಗ್ಲೆಂಡಿನಿಂದ ತರಿಸಿದ್ದು. ಕೈಯಿಂದ ಕೈಗೆ ಬದಲಾಗಿ 2022ರಲ್ಲಿ ಇವನ ಹತ್ತಿರ ಬಂತು. "ಇಬ್ಬರು ಮಾತ್ರ ಕೂರೋ ಗಾಡಿಗೆ ಇಷ್ಟು ದುಡ್ಡಾ" ಅಂತ ನಮ್ಮ ಅತ್ತೆ ಇವತ್ತಿಗೂ ಒಳಗೊಳಗೇ ಕೊರಗುತ್ತಾರೆ. ಆದರೆ ಭಾನುವಾರ ಬೆಳಿಗ್ಗೆ ಐದೂವರೆಗೆ ಟಾಪು ತೆಗೆದು ಜಯನಗರದಿಂದ ಹೊರಟು ಏರ್‌ಪೋರ್ಟ್ ರೋಡ್ ಹಿಡಿದರೆ ಆ ಇಂಜಿನ್ನಿನ ಸದ್ದಿಗೆ ಯಾರ ಕೊರಗೂ ಕೇಳಿಸುವುದಿಲ್ಲ, ಅದೂ ನಿಜ.

ನಾನು ಮೆಕ್ಯಾನಿಕ್ ಅಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಕಂಪ್ರೆಸರ್, ಏರ್ ಲೈನ್, ವಾಲ್ವು, ಇವೇ ನನ್ನ ದಿನ. ಎಲ್ಲಿ ಗಾಳಿ ಸೋರುತ್ತಿದೆ ಅಂತ ಸೋಪು ನೀರು ಹಿಡಿದು ಹುಡುಕಿಯೇ ಇಪ್ಪತ್ತೆರಡು ವರ್ಷ ಅನ್ನ ತಿಂದಿದ್ದೇನೆ. ಈ ಕೇಸು ನನಗೆ ಅಂಟಿಕೊಂಡಿದ್ದು ಅದೇ ಕಾರಣಕ್ಕೆ.

ನಾನು ಕೈ ಹಾಕುವ ಹೊತ್ತಿಗೆ ಏನೇನು ಆಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಮೊದಲ ಸಲ ಲೈಟ್ ಬಂದಾಗ ದೊಡ್ಡ ಗ್ಯಾರೇಜೊಂದಕ್ಕೆ ಹೋದ. ಸ್ಕ್ಯಾನರ್ ಹಾಕಿದರು. ಪಿ0171, ಪಿ0174 ಅಂತ ಎರಡು ಕೋಡ್ ಬಂತು. "ಸಾರ್, ಆಕ್ಸಿಜನ್ ಸೆನ್ಸರ್ ಹೋಗಿದೆ" ಅಂದರು, ಅಂದರೆ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಸೆನ್ಸರ್. ಎರಡೂ ಹೊಸದು, ಲೇಬರ್ ಸೇರಿ 31,000. ಹನ್ನೊಂದೇ ದಿನಕ್ಕೆ ಲೈಟ್ ವಾಪಸ್. ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನಿಂಗ್ ಮಾಡಿಸಿದ, 4,800. ಅದಕ್ಕೂ ಬಗ್ಗಲಿಲ್ಲ. ಯಾರೋ ಏರ್ ಫ್ಲೋ ಸೆನ್ಸರ್, ಅಂದರೆ ಇಂಜಿನ್ನಿಗೆ ಹೋಗುವ ಗಾಳಿಯ ತೂಕ ಅಳೆಯುವ ಸೆನ್ಸರ್, ಅಂದರು. ಒರಿಜಿನಲ್ ಬೆಲೆ ಕೇಳಿ ಹೆದರಿ, ಜೆ.ಸಿ. ರೋಡಿಗೆ ಹೋಗಿ 6,500ಕ್ಕೆ ಡುಪ್ಲಿಕೇಟ್ ತಂದು ಹಾಕಿಸಿದ. ಅದನ್ನು ಹಾಕಿದ ಮೇಲೆ ಗಾಡಿ ಇನ್ನೂ ಮೊಂಡಾಯಿತು, ಪಿಕಪ್ಪೂ ಹೋಯಿತು. ಒಟ್ಟು 42,300 ಖರ್ಚು. ಲೈಟ್ ಮಾತ್ರ ಕದಲಲಿಲ್ಲ.

ಕೊನೆಗೆ ಅವನೇ ಒಂದು ಬ್ಲೂಟೂತ್ ಡಾಂಗಲ್ ತರಿಸಿಕೊಂಡ. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದಲ್ಲ, ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲೇ ಕೋಡ್ ನೋಡಬಹುದು, ಡಿಲೀಟೂ ಮಾಡಬಹುದು. ಲೈಟ್ ಬಂದ ತಕ್ಷಣ ಸಿಗ್ನಲ್‌ನಲ್ಲೇ ನಿಂತು ಡಿಲೀಟ್ ಒತ್ತುವುದು ಅವನಿಗೆ ಚಟವಾಯಿತು. ಡಿಲೀಟ್ ಮಾಡಿದರೆ ಎರಡು ದಿನ ನೆಮ್ಮದಿ, ಮೂರನೇ ದಿನ ಮತ್ತೆ ಅದೇ ಕತೆ.

ನಾನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಇನ್ಮೇಲೆ ಡಿಲೀಟ್ ಮಾಡಬೇಡ. ಲೈಟ್ ಉರಿದರೆ ಉರೀಲಿ. ಒಂದು ನೋಟ್‌ಬುಕ್ ತಗೊಂಡು ಬರಿ."

ಅವನಿಗೆ ಇದು ಹಿಡಿಸಲಿಲ್ಲ. ಕಾರ್ಖಾನೆಯಲ್ಲಿ ಅಲಾರಂ ಬಂದರೆ ಹೊಸ ಹುಡುಗರು ಮೊದಲು ಮಾಡುವುದು ರಿಸೆಟ್ ಒತ್ತುವುದು. ಇದೂ ಹಾಗೇ. ಇಂಜಿನ್ ನೋಡಿಕೊಳ್ಳುವ ಗಾಡಿಯ ಕಂಪ್ಯೂಟರ್ ಒಂದು ಕೋಡ್ ಬರೆದುಕೊಳ್ಳುವಾಗ ಆ ಕ್ಷಣದ ಲೆಕ್ಕವನ್ನೂ ಜೊತೆಯಲ್ಲೇ ಇಟ್ಟುಕೊಳ್ಳುತ್ತದೆ. ಇಂಜಿನ್ ಎಷ್ಟು ಆರ್‌ಪಿಎಂ ಇತ್ತು, ಕೂಲೆಂಟ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಎಲ್ಲಾ ಇರುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಡಿಲೀಟ್ ಒತ್ತಿದರೆ ಕೋಡ್ ಜೊತೆ ಅದೂ ಅಳಿಸಿಹೋಗುತ್ತದೆ. ಕಳ್ಳ ಬಂದು ಹೋದ ಮೇಲೆ ನೆಲ ಒರೆಸಿ ಪೊಲೀಸರನ್ನು ಕರೆದ ಹಾಗೆ. ನಾಲ್ಕು ತಿಂಗಳಿಂದ ಇವನು ನೆಲ ಒರೆಸುತ್ತಲೇ ಇದ್ದ.

ಡಿಲೀಟ್ ಮಾಡಿದ ಮೇಲೆ ಎರಡು ದಿನ ಯಾಕೆ ಸುಮ್ಮನಿರುತ್ತಿತ್ತು ಅನ್ನುವುದಕ್ಕೂ ಕಾರಣ ಇದೆ. ತೊಂದರೆ ಹುಡುಕಿ ಕೋಡ್ ಬರೆದುಕೊಳ್ಳುವ ಈ ಸಿಸ್ಟಮ್ಮಿಗೆ ಓಬಿಡಿ-2 ಅಂತ ಹೆಸರು. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಕಡ್ಡಾಯವಾಯಿತು, ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ ಬಂತು, ನಮ್ಮಲ್ಲಿ 2013ರ ಏಪ್ರಿಲ್‌ನಿಂದ. ಹೊಗೆ ಜಾಸ್ತಿ ಮಾಡುವಂಥ ತೊಂದರೆ ಕಂಡರೆ ಅದು ಒಂದೇ ಸಲಕ್ಕೆ ಕೂಗಾಡುವುದಿಲ್ಲ. ಸಾಮಾನ್ಯವಾಗಿ ಮೊದಲ ಓಡಾಟದಲ್ಲಿ ಅನುಮಾನ ಅಂತ ಬರೆದುಕೊಳ್ಳುತ್ತದೆ. ಮುಂದಿನ ಓಡಾಟದಲ್ಲೂ ಅದೇ ಕಂಡರೆ ಆಗ ಲೈಟ್ ಹಾಕುತ್ತದೆ. ಹಾಗೇ, ಸತತ ಮೂರು ಓಡಾಟದಲ್ಲಿ ತೊಂದರೆ ಕಾಣದಿದ್ದರೆ ತಾನಾಗೇ ಆರಿಸುತ್ತದೆ. ಈ ಕೊನೆಯ ಮಾತು ನೆನಪಿನಲ್ಲಿರಲಿ, ನಿಂಬೆಹಣ್ಣು ಬರುವುದು ಇಲ್ಲೇ.

ಅಕ್ಟೋಬರ್ ಎರಡನೇ ವಾರ ಆಯುಧ ಪೂಜೆ. ನಾನು ಹೇಳಿದ ಹಾಗೆ ಅವನು ಕೋಡ್ ಮುಟ್ಟಿರಲಿಲ್ಲ, ಲೈಟ್ ಉರಿಯುತ್ತಲೇ ಇತ್ತು. ಗಾಡಿ ತೊಳೆದು, ಬಾನೆಟ್ ಮೇಲೆ ವಿಭೂತಿ ಎಳೆದು, ಚೆಂಡು ಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದರು. ಅತ್ತೆಯೇ ನಿಂತು ಬೂದುಗುಂಬಳ ಒಡೆಸಿದರು. ಆಮೇಲೆ ಎರಡು ಮೂರು ದಿನ ಅಲ್ಲಿ ಇಲ್ಲಿ ನೆಂಟರ ಮನೆಗೆ ಓಡಾಡಿದರು. ಮಂಗಳವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಲೈಟ್ ಇಲ್ಲ!

"ನೋಡಪ್ಪಾ, ನಲವತ್ತು ಸಾವಿರಕ್ಕೆ ಆಗದೆ ಇದ್ದಿದ್ದು ನಾಲ್ಕು ನಿಂಬೆಹಣ್ಣಿಗೆ ಆಯ್ತು" ಅಂದರು ಅತ್ತೆ.

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಇದೇ ತಲೆಯಲ್ಲಿ ಕೊರೆಯಿತು. ಪೂಜೆಯ ದಿನಗಳಲ್ಲಿ ಆ ಗಾಡಿಗೆ ಬದಲಾಗಿದ್ದೇನು? ಪೆಟ್ರೋಲ್ ಅದೇ, ಡ್ರೈವರ್ ಅವನೇ, ಮಳೆ ಬಿಸಿಲೂ ಅದೇ. ಬದಲಾಗಿದ್ದು ಬೆಂಗಳೂರು. ದಸರಾ ರಜಕ್ಕೆ ಅರ್ಧ ಊರು ಊರಿಗೆ ಹೋಗಿರುತ್ತದೆ. ಜಯನಗರದಿಂದ ಹೆಬ್ಬಾಳಕ್ಕೆ ಮುಕ್ಕಾಲು ಗಂಟೆಯೂ ಬೇಡ. ಎಲ್ಲೂ ನಿಲ್ಲದೆ ಮೂರು ಸಲ ಓಡಾಡಿದ, ಕಂಪ್ಯೂಟರ್‌ಗೆ ತೊಂದರೆ ಕಾಣಲಿಲ್ಲ, ಲೈಟ್ ಆರಿಸಿತು. ಅಂದರೆ ರೋಗ ಇರುವುದು ಗಾಡಿ ನಿಂತಾಗ. ಓಡುವಾಗ ಅಲ್ಲ.

ಹಬ್ಬ ಮುಗಿದು ಊರು ತುಂಬಿತು. ಒಂದೇ ವಾರಕ್ಕೆ ಲೈಟ್ ವಾಪಸ್. ಈ ಸಲ ಅವನು ಡಿಲೀಟ್ ಮಾಡದೆ ಸೀದಾ ನನ್ನ ಮನೆಗೆ ಬಂದ. ಫ್ರೀಜ್ ಫ್ರೇಮ್ ತೆಗೆದೆವು. ಸ್ಪೀಡ್ 0. ಆರ್‌ಪಿಎಂ 710. ಕೂಲೆಂಟ್ 94 ಡಿಗ್ರಿ. ನೋಟ್‌ಬುಕ್ಕಿನಲ್ಲಿ ಅವನ ಕೋಳಿಕಾಲು ಅಕ್ಷರದಲ್ಲಿ ಹೀಗಿತ್ತು: "ಔಟರ್ ರಿಂಗ್ ರೋಡ್, ಸಂಜೆ 7.15, ಇಪ್ಪತ್ತು ನಿಮಿಷ ನಿಂತಿದ್ದೆ, ಎಸಿ ಆನ್." ಎರಡೂ ಒಂದೇ ಮಾತು ಹೇಳುತ್ತಿದ್ದವು.

ಇಲ್ಲಿ ಆ ಕೋಡ್‌ಗಳ ಅರ್ಥ ಸ್ವಲ್ಪ ಹೇಳಬೇಕು. ಆರು ಸಿಲಿಂಡರನ್ನು ಮೂರು ಮೂರಾಗಿ ಎರಡು ಗುಂಪು ಮಾಡಿರುತ್ತಾರೆ, ಅದಕ್ಕೆ ಬ್ಯಾಂಕ್ ಅನ್ನುತ್ತಾರೆ. ಈ ಇಂಜಿನ್‌ನಲ್ಲಿ ಮುಂದಿನ ಮೂರು ಒಂದನೇ ಬ್ಯಾಂಕ್, ಹಿಂದಿನ ಮೂರು ಎರಡನೇ ಬ್ಯಾಂಕ್. ಪಿ0171 ಅಂದರೆ ಒಂದನೇ ಬ್ಯಾಂಕಿನಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಪಿ0174 ಅಂದರೆ ಎರಡನೆಯದರಲ್ಲೂ ಅದೇ. ಎರಡೂ ಬ್ಯಾಂಕಿನ ಸೆನ್ಸರ್‌ಗಳು ಒಂದೇ ದಿನ ಕೆಡುವುದು ಉಂಟಾ? ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಇಬ್ಬರಿಗೂ ಕಣ್ಣು ಕಾಣಲ್ಲ ಅಂತ ಯಾರೂ ಅನ್ನುವುದಿಲ್ಲ. ಆ ಗ್ಯಾರೇಜಿನವರು ಅಂದಿದ್ದು ಅದನ್ನೇ, ಜೊತೆಗೆ 31,000 ಬಿಲ್ಲು.

ಕಂಪ್ಯೂಟರ್ ಪೆಟ್ರೋಲ್ ಬಿಡುವ ರೀತಿ ನಮ್ಮಮ್ಮ ಅನ್ನಕ್ಕೆ ನೀರಿಡುವ ಹಾಗೆ. ಲೆಕ್ಕ ಅಂದರೆ ಒಂದಕ್ಕೆ ಎರಡು. ಆದರೆ ಅಕ್ಕಿ ಹಳೆಯದಾದರೆ ಕೈ ತಾನಾಗೇ ಅರ್ಧ ಲೋಟ ಜಾಸ್ತಿ ಹಾಕುತ್ತದೆ. ಆಕ್ಸಿಜನ್ ಸೆನ್ಸರ್ ಬೆಂದ ಅಗುಳು ಹಿಸುಕಿ ನೋಡಿ ಹೇಳುತ್ತದೆ, ಕಂಪ್ಯೂಟರ್ ನಾಳೆಗೆ ಅಳತೆ ತಿದ್ದಿಕೊಳ್ಳುತ್ತದೆ. ಈ ತಿದ್ದುಪಡಿಗೆ ಫ್ಯೂಯೆಲ್ ಟ್ರಿಮ್ ಅಂತ ಹೆಸರು, ಶೇಕಡಾ ಲೆಕ್ಕದಲ್ಲಿ ಮೊಬೈಲಿನಲ್ಲೇ ಕಾಣುತ್ತದೆ. ಹತ್ತರ ಒಳಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಪ್ಪತ್ತು ದಾಟಿ ಹೋಗುತ್ತಾ ಇದ್ದರೆ ಕಂಪ್ಯೂಟರ್‌ಗೆ ಅನುಮಾನ ಬರುತ್ತದೆ. ಇಷ್ಟೊಂದು ನೀರು ಕುಡಿಯುವ ಅಕ್ಕಿ ಇಲ್ಲ, ಪಾತ್ರೆಯೇ ಎಲ್ಲೋ ಸೋರುತ್ತಿರಬೇಕು ಅಂತ.

ಮೊದಲು ಆ ಡುಪ್ಲಿಕೇಟ್ ಏರ್ ಫ್ಲೋ ಸೆನ್ಸರ್ ಕಿತ್ತೆವು. ಪುಣ್ಯಕ್ಕೆ ಹಳೆಯದನ್ನು ಎಸೆದಿರಲಿಲ್ಲ, ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಅದಕ್ಕೆಂದೇ ಸಿಗುವ ಸ್ಪ್ರೇಯಲ್ಲಿ ತೊಳೆದು, ಒಣಗಿಸಿ ವಾಪಸ್ ಕೂರಿಸಿದೆವು. ನಾಲ್ಕು ದಿನ ಓಡಿಸಿ ಅಂಕಿ ಸ್ಥಿರವಾದ ಮೇಲೆ, ಒಂದು ಶನಿವಾರ ಬಿಸಿ ಇಂಜಿನ್ನಿನಲ್ಲಿ ಅಳತೆ ತೆಗೆದೆ. ಎಕ್ಸಲೇಟರ್ ಮುಟ್ಟದೆ ನಿಂತು ಐಡಲ್‌ನಲ್ಲಿದ್ದಾಗ ಒಟ್ಟು ಟ್ರಿಮ್ ಶೇಕಡಾ 22. ಎಕ್ಸಲೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದರೆ 12. ನೈಸ್ ರಸ್ತೆಯಲ್ಲಿ ಒಂದೇ ಹದದಲ್ಲಿ ಓಡಿಸಿದರೆ 9.

ಗಾಳಿ ಕೆಲಸ ಮಾಡಿದವರಿಗೆ ಈ ಮೂರು ಅಂಕಿ ಸಾಕು. ಈ ಗಾತ್ರದ ಇಂಜಿನ್ ಐಡಲ್‌ನಲ್ಲಿ ಸೆಕೆಂಡಿಗೆ ನಾಲ್ಕೈದು ಗ್ರಾಂ ಗಾಳಿ ಎಳೆಯುತ್ತದೆ. 2,500ರಲ್ಲಿ ಹದಿನೈದರ ಆಸುಪಾಸು. ಎಲ್ಲೋ ಒಂದು ತೂತಿನಿಂದ, ಏರ್ ಫ್ಲೋ ಸೆನ್ಸರ್ ಲೆಕ್ಕಕ್ಕೆ ಸಿಗದೆ, ಸೆಕೆಂಡಿಗೆ ಅರ್ಧ ಗ್ರಾಂ ಕಳ್ಳ ಗಾಳಿ ನುಗ್ಗಿದರೆ ನಾಲ್ಕರಲ್ಲಿ ಅದು ದೊಡ್ಡ ಪಾಲು, ಹದಿನೈದರಲ್ಲಿ ಚಿಲ್ಲರೆ. ಗಾಡಿಯೊಳಗಿನ ಪೆಟ್ರೋಲ್ ಪಂಪ್ ಸೋತಿದ್ದರೆ ಇದು ಉಲ್ಟಾ ಆಗಬೇಕಿತ್ತು, ಜೋರಾಗಿ ಓಡಿಸಿದಾಗ ಟ್ರಿಮ್ ಏರಬೇಕಿತ್ತು. ಹಾಗಾಗಿ ಸೋರಿಕೆ ಇದೆ, ಅದೂ ಗಾಳಿಯ ಬಾಗಿಲಾದ ಥ್ರಾಟಲ್ ದಾಟಿದ ಮೇಲೆ, ಎಲ್ಲಿ ಐಡಲ್‌ನಲ್ಲಿ ಇಂಜಿನ್ನಿನ ಎಳೆತ ಜಾಸ್ತಿ ಇರುತ್ತದೋ ಅಲ್ಲಿ.

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಅದಕ್ಕೇ ಹೀಗೆ ಅಂತ ಒಬ್ಬ ಗೆಳೆಯ ವಾದ ಮಾಡಿದ. ಗಾಳಿ ತೆಳುವಾದರೆ ಸೆನ್ಸರ್ ಕಮ್ಮಿ ಗ್ರಾಂ ತೋರಿಸುತ್ತದೆ, ಪೆಟ್ರೋಲೂ ಕಮ್ಮಿ ಬೀಳುತ್ತದೆ, ಅಷ್ಟೇ. ತೂಕ ಅಳೆಯುವ ತಕ್ಕಡಿಗೆ ಬೆಟ್ಟ ಬಯಲು ಒಂದೇ.

ಆದರೆ ನೈಸ್ ರಸ್ತೆಯ ಆ 9 ನನ್ನನ್ನು ಬಿಡಲಿಲ್ಲ. ಸೋರಿಕೆ ಲೆಕ್ಕ ಕಳೆದರೂ ಅಷ್ಟು ಉಳಿಯುತ್ತಿತ್ತು. ಇದಕ್ಕೆ ಉತ್ತರ ಬಂಕಿನಲ್ಲಿ ಸಿಕ್ಕಿತು. ಪಂಪಿನ ಮೇಲೆ ಅಂಟಿಸಿದ್ದ ಇ20 ಸ್ಟಿಕ್ಕರ್. ಶೇಕಡಾ 20 ಎಥನಾಲ್ ಇರುವ ಈ ಪೆಟ್ರೋಲಿಗೆ ಚಾಲನೆ ಕೊಟ್ಟಿದ್ದೇ ನಮ್ಮ ಬೆಂಗಳೂರಿನಲ್ಲಿ, 2023ರ ಫೆಬ್ರವರಿ 6ರಂದು. ಬರೀ ಪೆಟ್ರೋಲ್ ಆದರೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಬರೀ ಎಥನಾಲ್‌ಗೆ 9 ಸಾಕು. ಇಪ್ಪತ್ತು ಬೆರೆಸಿದರೆ ಹತ್ತಿರ ಹತ್ತಿರ 13.5ಕ್ಕೆ ಬರುತ್ತದೆ. ಅಷ್ಟೇ ಗಾಳಿಗೆ ಎಂಟೊಂಬತ್ತು ಶೇಕಡಾ ಜಾಸ್ತಿ ಇಂಧನ ಸುರಿಯಬೇಕು. ಈ ಗಾಡಿ ತಯಾರಾದ ಕಾಲಕ್ಕೆ ಯುರೋಪಿನ ಪೆಟ್ರೋಲಿನಲ್ಲಿ ಎಥನಾಲ್ ಹೆಚ್ಚೆಂದರೆ ಶೇಕಡಾ 5. ಇಂಗ್ಲೆಂಡಿನ ಅಕ್ಕಿಗೆ ಕಲಿತ ಕೈ, ಇಲ್ಲಿ ಅಕ್ಕಿ ಬೇರೆ.

ಇದು ರಿಪೇರಿ ಮಾಡುವಂಥದ್ದಲ್ಲ. ಕಂಪ್ಯೂಟರ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು. ಆದರೆ ಅದರ ಹತ್ತಿರ ತಿದ್ದಿಕೊಳ್ಳಲು ಇದ್ದ ಅವಕಾಶದಲ್ಲಿ ಸುಮಾರು ಭಾಗ ಮೊದಲೇ ಖರ್ಚಾಗಿತ್ತು. ಹತ್ತು ವರ್ಷದ ಹಿಂದೆ ಇದೇ ಸೋರಿಕೆ ಇದ್ದರೂ ಲೈಟ್ ಬರುತ್ತಿರಲಿಲ್ಲವೇನೋ. ಈಗ ಚಿಕ್ಕ ತೂತೂ ಗೆರೆ ದಾಟಿಸುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರು ಇದನ್ನು ಗಮನಿಸಲೇಬೇಕು ಅಂತ ನನ್ನ ಅಭಿಪ್ರಾಯ. ಇ20ಯೇ ಎಲ್ಲಾ ಹಾಳು ಮಾಡಿತು ಅಂತ ಬೈಯುವುದು ಸುಲಭ, ಏನೂ ಆಗಲ್ಲ ಅನ್ನುವುದೂ ಸುಲಭ. ಇಲ್ಲಿ ಆಗಿದ್ದು ಎರಡೂ ಅಲ್ಲ.

ವಿಲ್ಸನ್ ಗಾರ್ಡನ್ ಕಡೆ ಒಂದು ಶೆಡ್ ಇದೆ. ಅಲ್ಲಿನ ಭಾಯ್ ನನಗೆ ಹಳೆಯ ಪರಿಚಯ. ಅರವತ್ತು ದಾಟಿದೆ, ಕನ್ನಡಕ ಹಣೆ ಮೇಲೇ ಇರುತ್ತದೆ. ನವೆಂಬರಿನ ಒಂದು ಸೋಮವಾರ ರಜ ಹಾಕಿ ಗಾಡಿ ತಗೊಂಡು ಹೋದೆವು.

ಭಾಯ್ ಅಂಕಿಗಳನ್ನು ನೋಡಿ, "ಏರ್ ಎಳೀತಾ ಇದೆ ಸಾರ್" ಅಂದು ಒಂದು ಊದುಬತ್ತಿ ಹಚ್ಚಿದರು. ಇಂಜಿನ್ ಆನ್ ಇಟ್ಟು ಪೈಪುಗಳ ಪಕ್ಕ ಹಿಡಿದರೆ, ಸೋರುವ ಕಡೆ ಹೊಗೆ ಒಳಕ್ಕೆ ಬಾಗುತ್ತದೆ ಅನ್ನುವುದು ಅವರ ಲೆಕ್ಕ. ಪೆಟ್ರೋಲ್ ಇಂಜಿನ್ ಪಕ್ಕ ಬೆಂಕಿ ಅಂದರೆ ನನ್ನ ಎದೆ ಡವಡವ. ದಯವಿಟ್ಟು ನೀವು ಮಾಡಬೇಡಿ. ಹೇಗೂ ರೇಡಿಯೇಟರ್ ಫ್ಯಾನಿನ ಗಾಳಿಗೆ ಹೊಗೆ ಚೆದುರಿ ಏನೂ ಗೊತ್ತಾಗಲಿಲ್ಲ.

ಆಮೇಲೆ ಪಕ್ಕದ ಬೀದಿಯಿಂದ ಸ್ಮೋಕ್ ಮಷೀನ್ ತರಿಸಿದರು. ಎಣ್ಣೆ ಕಾಯಿಸಿ ಬಿಳಿ ಹೊಗೆ ಮಾಡಿ ಮೆಲ್ಲಗೆ ಪೈಪಿನೊಳಗೆ ತಳ್ಳುವ ಡಬ್ಬಿ ಅದು. ಇಂಜಿನ್ ಆಫ್. ಏರ್ ಫಿಲ್ಟರ್ ಕಡೆಯ ಬಾಯಿಗೆ ರಬ್ಬರ್ ಗ್ಲೌಸ್ ಕಟ್ಟಿದರು. ಐದು ಬೆರಳೂ ನಿಧಾನಕ್ಕೆ ಉಬ್ಬಿ ನಿಂತವು, ಯಾರೋ ಒಳಗಿಂದ ಕೈ ಎತ್ತಿದ ಹಾಗೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಇಂಜಿನ್ನಿನ ಹಿಂದೆ, ಡ್ಯಾಶ್‌ಬೋರ್ಡ್ ಕಡೆಯ ಗೋಡೆಗೂ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮನಿಫೋಲ್ಡಿಗೂ ಮಧ್ಯೆ ಕೈ ಹೋಗದ ಸಂದಿಯಿಂದ ಒಂದು ಎಳೆ ಹೊಗೆ ಎದ್ದಿತು. ಭಾಯ್ ಹಲ್ಲಿನ ಡಾಕ್ಟರ ಹಾಗೆ ಕಡ್ಡಿಗೆ ಕಟ್ಟಿದ ಕನ್ನಡಿ ತೂರಿಸಿ ಟಾರ್ಚ್ ಬಿಟ್ಟರು.

ಹೆಬ್ಬೆರಳ ಉಗುರಿನಷ್ಟು ಇರುವ ಒಂದು ರಬ್ಬರ್ ಕ್ಯಾಪ್. ಮನಿಫೋಲ್ಡಿನ ಹಿಂದೆ ಉಪಯೋಗಕ್ಕೆ ಬಾರದ ಒಂದು ಮೂತಿ ಇರುತ್ತದೆ, ಅದನ್ನು ಮುಚ್ಚಲು ಹಾಕಿದ್ದು. ಹದಿನೆಂಟು ವರ್ಷದ ಬಿಸಿಗೆ ಒಣಗಿ, ತಲೆಯ ಮೇಲೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಬೆರಳಲ್ಲಿ ಹಿಸುಕಿದರೆ ಮೀನಿನ ಬಾಯಿಯ ಹಾಗೆ ತೆರೆಯುತ್ತಿತ್ತು. ಇದಕ್ಕೆ ಪೆಟ್ರೋಲ್ ತಾಗುವುದೇ ಇಲ್ಲ, ಹಾಗಾಗಿ ಎಥನಾಲ್ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಬರೀ ಬಿಸಿಯ ಕೆಲಸ.

ಅರವತ್ತು ರೂಪಾಯಿಯ ಕ್ಯಾಪ್. ಕತೆ ಇಲ್ಲಿಗೇ ನಿಂತಿದ್ದರೆ ಹೇಳಿಕೊಂಡು ತಿರುಗಲು ಚೆನ್ನಾಗಿರುತ್ತಿತ್ತು. ಕ್ಯಾಪ್ ಹಾಕಿ ಮತ್ತೆ ಹೊಗೆ ಬಿಟ್ಟರೆ, ಮನಿಫೋಲ್ಡಿನ ಕೆಳಗಿಂದ ಇನ್ನೊಂದು ಎಳೆ ಬಂತು! ಇಂಜಿನ್ನಿನೊಳಗಿನ ಆಯಿಲ್ ಆವಿಯನ್ನು ವಾಪಸ್ ಎಳೆದುಕೊಳ್ಳುವ ಬ್ರೀದರ್ ಪೈಪು. ಅದನ್ನು ಮುಟ್ಟಬೇಕಾದರೆ ಮನಿಫೋಲ್ಡೇ ಬಿಚ್ಚಬೇಕು. ಭಾಯ್ ಮಧ್ಯಾಹ್ನ ನಮಾಜ್ ಮುಗಿಸಿ ಬಂದು ಶುರು ಮಾಡಿದರೆ ರಾತ್ರಿ ಎಂಟಾಯಿತು. ಪೈಪು ಕೈಗೆ ಬರುವಾಗ ಹಪ್ಪಳದ ಹಾಗೆ ಪುಡಿಯಾಯಿತು. ಹೊಸ ಬ್ರೀದರ್ ಸೆಟ್ಟು, ಗ್ಯಾಸ್ಕೆಟ್‌ಗಳು ಬರಲು ಎಂಟು ದಿನ ಹಿಡಿಯಿತು. ಪಾರ್ಟ್ಸ್ 9,400, ಲೇಬರ್ 6,000. ಸ್ಮೋಕ್ ಮಷೀನಿಗೆ 1,500 ಬೇರೆ.

ಎಲ್ಲಾ ಕಟ್ಟಿ, ಒಂದು ವಾರ ಓಡಿಸಿ, ಮತ್ತೆ ಅಳತೆ ತೆಗೆದೆ. ಐಡಲ್‌ನಲ್ಲಿ 9. 2,500ರಲ್ಲಿ 9. ನೈಸ್ ರಸ್ತೆಯಲ್ಲಿ 8. ಎಲ್ಲೆಡೆ ಒಂದೇ. ಸೋರಿಕೆ ಹೋಯಿತು, ಉಳಿದಿದ್ದು ಇ20 ಪಾಲು. ನನಗಂತೂ ಆ ಮೂರು ಅಂಕಿ ನೋಡಿದ್ದು ಲೈಟ್ ಆರಿದ್ದಕ್ಕಿಂತ ಖುಷಿ ಕೊಟ್ಟಿತು. ಲೈಟ್ ನಿಂಬೆಹಣ್ಣಿಗೂ ಆರುತ್ತದಲ್ಲ.

ಡಿಸೆಂಬರ್, ಜನವರಿ ನೆಮ್ಮದಿ. ಟ್ರಾಫಿಕ್‌ನಲ್ಲೂ ಲೈಟ್ ಇಲ್ಲ. ಫೆಬ್ರವರಿ ಮಧ್ಯದಲ್ಲಿ ಫೋನ್. "ಭಾವ, ಮತ್ತೆ ಬಂತು."

ಈ ಸಲ ಅವನ ದನಿಯಲ್ಲಿ ಅಳುವೊಂದು ಬಾಕಿ. ಮಾರಿಬಿಡ್ತೀನಿ ಅಂದ. ಅತ್ತೆ ಮಾತ್ರ ಖುಷಿಯಾಗಿದ್ದರು ಅನಿಸುತ್ತದೆ. ನಾನು ಕೋಡ್ ಕೇಳಿದೆ. ಪಿ0420.

"ಅದು ಬೇರೆ ಕಣೋ."

"ಲೈಟ್ ಅದೇ ಅಲ್ವಾ?"

ಅಲ್ಲೇ ಇರುವುದು ತೊಂದರೆ. ನೂರು ಕಾಯಿಲೆಗೆ ಒಂದೇ ಲೈಟ್ ಇಟ್ಟಿದ್ದಾರೆ. ಎರಡನೇ ಸಲ ಉರಿದ ತಕ್ಷಣ ಹಳೆಯದೇ ವಾಪಸ್ ಬಂತು ಅಂತ ಮನಸ್ಸು ಕುಸಿಯುತ್ತದೆ. ಪಿ0420 ಅಂದರೆ ಒಂದನೇ ಬ್ಯಾಂಕಿನ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಜೇನುಗೂಡಿನಂಥ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಲೇಪ. ವಿಷದ ಹೊಗೆಯನ್ನು ಅಲ್ಲೇ ಸುಟ್ಟು ಶುದ್ಧ ಮಾಡುವ ಡಬ್ಬಿ. ಅದರ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್. ಮುಂದಿನದು ಮೇಲೆ ಕೆಳಗೆ ಕುಣಿಯುತ್ತಿರಬೇಕು, ಹಿಂದಿನದು ಸುಮಾರು ಒಂದೇ ವೋಲ್ಟೇಜಿನಲ್ಲಿ ಸುಮ್ಮನೆ ಇರಬೇಕು. ಮೊಬೈಲಿನಲ್ಲಿ ಎರಡೂ ಗೆರೆ ಹಾಕಿ ನೋಡಿದೆ. ಎರಡನೇ ಬ್ಯಾಂಕಿನ ಹಿಂದಿನ ಗೆರೆ ಕೆರೆಯ ನೀರಿನ ಹಾಗೆ ಇತ್ತು. ಒಂದನೇ ಬ್ಯಾಂಕಿನದು ಮುಂದಿನದರ ಜೊತೆ ಕುಣಿಯುತ್ತಿತ್ತು.

ಇಷ್ಟಕ್ಕೇ ಕನ್ವರ್ಟರ್ ಹೋಗಿದೆ ಅನ್ನಬಾರದು. ಸೆನ್ಸರ್ ಹತ್ತಿರ ಎಕ್ಸಾಸ್ಟ್ ಸೋರಿದರೂ ಇದೇ ಕೋಡ್ ಬರಬಹುದು. ಭಾಯ್ ಜಾಯಿಂಟ್‌ಗಳೆಲ್ಲಾ ನೋಡಿದರು, ಮಸಿ ಗುರುತು ಎಲ್ಲೂ ಇಲ್ಲ. ಇನ್ನೊಂದು ವಿಷಯ, ಎಮಿಷನ್ ಸರ್ಟಿಫಿಕೇಟ್ ಈ ಗಾಡಿಗೆ ಅಷ್ಟೂ ದಿನ ಪಾಸ್. ಬಾಲಕ್ಕೆ ಪೈಪ್ ಸಿಕ್ಕಿಸಿ ಒಂದು ನಿಮಿಷ ನೋಡುವ ಪರೀಕ್ಷೆ ಅದು, ಇಡೀ ದಾರಿಯ ಲೆಕ್ಕ ಅದಕ್ಕೆ ಸಿಗುವುದಿಲ್ಲ.

ಯಾಕೆ ಒಂದೇ ಬ್ಯಾಂಕ್? ಎರಡೂ ಡಬ್ಬಿಗಳಿಗೆ ಒಂದೇ ವಯಸ್ಸು, ಒಂದೇ ಪೆಟ್ರೋಲ್. ಅವತ್ತು ಸಂಜೆ ಅವನ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೇಳಿದೆ. "ಈ ಲೈಟ್ ಯಾವತ್ತಾದರೂ ಮಿಣುಕಿತ್ತಾ? ಉರಿಯೋದಲ್ಲ, ಮಿಣುಕೋದು."

ಅವನು ಇಲ್ಲ ಅನ್ನುವಷ್ಟರಲ್ಲಿ ಅವನ ಹೆಂಡತಿ ಅಡುಗೆಮನೆಯಿಂದಲೇ ಅಂದಳು, "ನಂದಿ ಬೆಟ್ಟದ ದಿನ ಮಿಣುಕಿತ್ತಲ್ಲ ರೀ. ನಿಲ್ಲಿಸಿ ಅಂದ್ರೆ ಮೇಲೆ ಹೋಗಿ ನೋಡೋಣ ಅಂದ್ರಲ್ಲ."

ಹೊರಬಿದ್ದ ಕತೆ ಹೀಗೆ. 2024ರ ಜನವರಿಯಲ್ಲಿ, ಈ ಗಲಾಟೆ ಶುರುವಾಗುವ ಮೊದಲೇ, ಎರಡನೇ ಸಿಲಿಂಡರಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಸತ್ತಿತ್ತು. ಅದಕ್ಕೂ ಸಸ್ತಾದ ಡುಪ್ಲಿಕೇಟ್ ಹಾಕಿಸಿದ್ದ. ಮುಂದಿನ ಭಾನುವಾರ ನಂದಿಯ ತಿರುವುಗಳಲ್ಲಿ ಅದು ಕೈಕೊಟ್ಟಿತು. ಗಾಡಿ ನಡುಗುತ್ತಿತ್ತು, ಲೈಟ್ ಮಿಣುಕುತ್ತಿತ್ತು. ಇವನು ಗೇರ್ ಇಳಿಸಿ ಇನ್ನೂ ಒತ್ತಿದ. ತುದಿಯವರೆಗೆ ಹತ್ತಿಸಿ, ದೋಸೆ ತಿಂದು, ಹಾಗೇ ಊರಿಗೆ ಬಂದ. ಆಮೇಲೆ ಒಳ್ಳೆ ಕಾಯಿಲ್ ಹಾಕಿಸಿ ಮರೆತುಬಿಟ್ಟ.

ಉರಿಯುವ ಲೈಟಿಗೂ ಮಿಣುಕುವ ಲೈಟಿಗೂ ಅಜಗಜಾಂತರ. ಉರಿದರೆ ಬಿಡುವಾದಾಗ ನೋಡು ಅಂತ. ಮಿಣುಕಿದರೆ ಈಗಲೇ ಕಾಲು ತೆಗಿ, ಪಕ್ಕಕ್ಕೆ ನಿಲ್ಲಿಸು ಅಂತ. ಕಿಡಿ ಹತ್ತದ ಸಿಲಿಂಡರಿನ ಪೆಟ್ರೋಲ್ ಹಸಿಯಾಗೇ ಹೊರಗೆ ಹೋಗಿ ಕನ್ವರ್ಟರಿನೊಳಗೆ ಉರಿಯುತ್ತದೆ. ಆ ಬಿಸಿಗೆ ಜೇನುಗೂಡೇ ಕರಗಬಹುದು. ಎರಡನೇ ಸಿಲಿಂಡರ್ ಇರುವುದು ಒಂದನೇ ಬ್ಯಾಂಕಿನಲ್ಲಿ. ಪಿ0420ಯೂ ಒಂದನೇ ಬ್ಯಾಂಕಿನದೇ. ಲೆಕ್ಕ ಕೂಡಿತು. ಅವನು ಕಾಫಿ ಲೋಟ ನೋಡುತ್ತಾ ಕೂತ.

ಕನ್ವರ್ಟರ್ ಈ ಇಂಜಿನ್ನಿನಲ್ಲಿ ಬೇರೆ ಡಬ್ಬಿಯಾಗಿ ಕೆಳಗೆ ಇಲ್ಲ. ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ಮನಿಫೋಲ್ಡಿನ ಜೊತೆಗೇ ಬೆಸೆದಿದೆ. ಹೊಸದು ತರಿಸಿದರೆ ಲಕ್ಷದ ಮಾತು. "ಒಳಗಿನದು ಕುಟ್ಟಿ ತೆಗೆದುಬಿಡಿ, ಸೆನ್ಸರ್‌ಗೆ ಒಂದು ಅಡಾಪ್ಟರ್ ಹಾಕಿದರೆ ಲೈಟೂ ಬರಲ್ಲ, ಸದ್ದೂ ಚೆನ್ನಾಗಿರತ್ತೆ" ಅಂತ ಸಲಹೆ ಕೊಟ್ಟವರು ಮೂರು ಜನ. ಬೇಡ ಅಂದೆ. ಕಂಪನಿ ಕೊಟ್ಟಿದ್ದನ್ನು ಹೀಗೆ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಕಾನೂನು ಆಮೇಲೆ. ಸಿಗ್ನಲ್‌ನಲ್ಲಿ ಆ ಗಾಡಿಯ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡು ಮಗು ಕೂರಿಸಿಕೊಂಡವರು ಇರುತ್ತಾರೆ.

ಈಗ ಭಾಯ್ ಹೊರಗಿಂದ ಒಂದು ಒಳ್ಳೆ ಹಳೆಯ ಮನಿಫೋಲ್ಡ್ ಹುಡುಕಿಸುತ್ತಿದ್ದಾರೆ. ಅದು ಬರುವ ತನಕ ಗಾಡಿ ನಿಧಾನಕ್ಕೆ ಓಡುತ್ತಿದೆ, ಲೈಟ್ ಉರಿಯುತ್ತಲೇ ಇದೆ. ಕಳೆದ ತಿಂಗಳು ಕೂತಾಗ ನೋಡಿದರೆ ಮೀಟರ್ ಗಾಜಿನ ಮೇಲೆ ಲೈಟ್ ಕಾಣದ ಹಾಗೆ ಚಿಕ್ಕ ಕಪ್ಪು ಇನ್ಸುಲೇಷನ್ ಟೇಪ್. ಕಿತ್ತು ಹಾಕಿಸಿದೆ. ಉರಿಯುವುದನ್ನು ಮುಚ್ಚಿದರೆ ಮಿಣುಕುವುದೂ ಕಾಣಲ್ಲ.

ನೋಟ್‌ಬುಕ್ ಈಗ ಗ್ಲೌ ಬಾಕ್ಸಿನಲ್ಲೇ ಇರುತ್ತದೆ. ನಿನ್ನೆ ತೆಗೆದು ನೋಡಿದೆ. ಕೊನೆಯ ಸಾಲು, ಅದೇ ಕೋಳಿಕಾಲು ಅಕ್ಷರ: "ಹೆಬ್ಬಾಳ ಫ್ಲೈಓವರ್, ಸಂಜೆ 6.40. ಪಿ0420 ಒಂದೇ. ಐಡಲ್ ಟ್ರಿಮ್ 9. ಲೈಟ್ ಇದೆ, ಮಿಣುಕಿಲ್ಲ."